ಕಲ್ಲಿಗೆ ಯಾವ ಡಾಕ್ಟರು?



ನಾನು ವೈದ್ಯನಲ್ಲ. ವಿಜಯಾ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಜರಾತಿಗೆ ವರ್ಗವಾಗಿ, ಅಹಮದಾಬಾದ್, ಸೂರತ್, ವಡೋದರಾ ಮೂರೂ ಊರುಗಳ ನೀರು ಕುಡಿದು ನಿವೃತ್ತನಾದವನು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ನಮ್ಮ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಅದಕ್ಕೆ ಎಷ್ಟೋ ವರ್ಷ ಮೊದಲೇ ನಾನು ಬರೋಡೆಯಲ್ಲಿ ವಿಲೀನವಾಗಿಬಿಟ್ಟಿದ್ದೆ.

ಕುಡಿದ ನೀರು ಅಂದೆನಲ್ಲ, ಅದು ಸಾಲದೆ ಹೋದದ್ದೇ ಇವತ್ತಿನ ಮಾತಿಗೆ ಕಾರಣ. ನನಗೆ ಕಿಡ್ನಿಯಲ್ಲಿ ಕಲ್ಲಾಗಿತ್ತು. ಅದು ಹೋದ ಮೇಲೆ ಅಲ್ಲಿನ ಕನ್ನಡದವರಿಗೆಲ್ಲ ನಾನು ಕಲ್ಲಿನ ವಿಷಯದಲ್ಲಿ ಪಂಡಿತ. ಉಡುಪಿ ಹೋಟೆಲಿನ ಅಡುಗೆಯವರು, ಕಾರ್ಖಾನೆಯ ಫೋರ್‌ಮನ್‌ಗಳು, ಮಗನ ಮನೆಗೆಂದು ಊರಿನಿಂದ ಬಂದ ಹಿರಿಯರು, ಯಾರಿಗೆ ಪಕ್ಕೆ ಹಿಡಿದರೂ ಫೋನು ನನಗೆ. ಎಲ್ಲರದೂ ಒಂದೇ ಪ್ರಶ್ನೆ: "ಸಾರ್, ಕಲ್ಲಿಗೆ ಯಾವ ಡಾಕ್ಟರು?"

ಒಂದು ಹೆಸರು, ಒಂದು ನಂಬರು ಕೊಟ್ಟು ಫೋನು ಇಡಬಹುದು. ಮೊದಮೊದಲು ಹಾಗೇ ಮಾಡುತ್ತಿದ್ದೆ. ಆಮೇಲೆ ಬಿಟ್ಟೆ. ಯಾಕೆ ಬಿಟ್ಟೆ ಅನ್ನುವುದನ್ನು ಹೇಳುತ್ತೇನೆ.

ಗುಜರಾತಿನಲ್ಲಿ ಈ ಕಲ್ಲಿಗೆ ಪಥರಿ ಅನ್ನುತ್ತಾರೆ. ಅದು ಅಲ್ಲಿ ನೆಂಟರ ಹೆಸರಿನಷ್ಟು ಬಳಕೆಯ ಮಾತು. ಮೇ ತಿಂಗಳ ಬಿಸಿಲು ನಲವತ್ತೆರಡು, ನಲವತ್ಮೂರು ಡಿಗ್ರಿ. ಸೂರತ್ತಿನ ಪಾಂಡೇಸರಾ, ಉಧನಾ ಕಡೆಯ ಬಣ್ಣದ ಕಾರ್ಖಾನೆಗಳ ಒಳಗಿನ ಸೆಕೆಯನ್ನು ನಾನು ಹೇಳಲಾರೆ. ದೋಸೆಕಲ್ಲಿನ ಮುಂದೆ ಹತ್ತು ಗಂಟೆ ನಿಲ್ಲುವ ನಮ್ಮ ಕುಂದಾಪುರದ ಹುಡುಗರನ್ನು ಕೇಳಿ. ಬೆವರಾಗಿ ಹೋದ ನೀರು ಮೂತ್ರಕ್ಕೆ ಉಳಿಯುವುದಿಲ್ಲ, ಮೂತ್ರ ಗಟ್ಟಿಯಾಗುತ್ತದೆ, ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಆಕ್ಸಲೇಟು ಹರಳುಗಟ್ಟುತ್ತವೆ. ಮೇಲಿಂದ ಉಪ್ಪು. ಗಾಂಠಿಯಾ ಎಂಬ ಕರಿದ ತಿಂಡಿ, ಹಪ್ಪಳ, ಉಪ್ಪಿನಕಾಯಿ. ಉಪ್ಪು ಹೆಚ್ಚಿದಷ್ಟೂ ಮೂತ್ರಕ್ಕೆ ಇಳಿಯುವ ಕ್ಯಾಲ್ಸಿಯಂ ಹೆಚ್ಚು. ಊಟಕ್ಕೆ ಅವರು ಕುಡಿಯುವ ತೆಳು ಮಜ್ಜಿಗೆ ಒಳ್ಳೆಯದೇ, ಆದರೆ ಅದೊಂದು ಲೋಟ ಎಷ್ಟಕ್ಕೆಂದು ಸಾಕಾದೀತು?

ಹಾಗಾಗಿ ಮೂರೂ ಊರುಗಳಲ್ಲಿ ಪಥರಿಯ ಬೋರ್ಡುಗಳು ತಲೆ ಎತ್ತಿದಲ್ಲೆಲ್ಲ ಕಾಣುತ್ತವೆ. ಅವು ಗುಜರಾತಿ ಲಿಪಿಯಲ್ಲಿರುತ್ತವೆ. ತಲೆಗೆರೆ ಇಲ್ಲದ ಆ ಅಕ್ಷರ ಓದಲು ನನಗೆ ಎರಡು ವರ್ಷ ಹಿಡಿಯಿತು. ಓದಲು ಬಂದ ಮೇಲೆ ಗೊತ್ತಾದದ್ದು: 'ಪಥರಿಯ ನಿಷ್ಣಾತ' ಎಂದು ಯಾರು ಬೇಕಾದರೂ ಬರೆಸಿಕೊಳ್ಳುತ್ತಾರೆ. ಬೇರು ಅರೆದು ಕೊಡುವವರೂ ನಿಷ್ಣಾತರೇ. ಬೋರ್ಡಿನಲ್ಲಿ ನೋಡಬೇಕಾದದ್ದು ದೊಡ್ಡ ಅಕ್ಷರವನ್ನಲ್ಲ, ಹೆಸರಿನ ಕೆಳಗಿರುವ ಸಣ್ಣ ಅಕ್ಷರವನ್ನು. ಯೂರಾಲಜಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ, ಮೂರು ವರ್ಷ ಶಸ್ತ್ರಚಿಕಿತ್ಸೆ ಕಲಿತು ಎಂ.ಎಸ್. ಆಗಿ, ಅದರ ಮೇಲೆ ಮತ್ತೆ ಮೂರು ವರ್ಷ ಮೂತ್ರಾಂಗಗಳ ಶಸ್ತ್ರಚಿಕಿತ್ಸೆಯನ್ನೇ ಕಲಿತವರು. ಆ ಕೊನೆಯ ಪದವಿ ಎಂ.ಸಿಎಚ್. ಯೂರಾಲಜಿ, ಇಲ್ಲವೆ ಡಿಎನ್‌ಬಿ ಯೂರಾಲಜಿ, ಈಗಿನ ಹೆಸರು ಡಿಆರ್‌ಎನ್‌ಬಿ. ಚೀಟಿಯ ಮೇಲೆ ನೋಂದಣಿ ಸಂಖ್ಯೆ ಅಚ್ಚಾಗಿರಬೇಕೆಂದು 2002ರಿಂದ ನಿಯಮವಿದೆ. ಆ ಸಂಖ್ಯೆಯನ್ನು ಗುಜರಾತ್ ಮೆಡಿಕಲ್ ಕೌನ್ಸಿಲ್ಲಿನ ಪಟ್ಟಿಯೊಂದಿಗೆ ತಾಳೆ ನೋಡಬಹುದು. ಬ್ಯಾಂಕಿನವನಿಗೆ ಸಹಿ ತಾಳೆ ನೋಡದೆ ನಿದ್ದೆ ಬರುವುದಿಲ್ಲ. ಉಳಿದವರೂ ಅಷ್ಟು ಮಾಡಿದರೆ ತಪ್ಪಿಲ್ಲ.

ಇನ್ನೊಂದು ಗೊಂದಲ. ಕಿಡ್ನಿ ಡಾಕ್ಟರು ಅಂದರೆ ಇಬ್ಬರಿದ್ದಾರೆ. ಕಿಡ್ನಿ ರಕ್ತವನ್ನು ಸರಿಯಾಗಿ ಸೋಸುತ್ತಿಲ್ಲ, ಮುಖ ಕಾಲು ಊದಿವೆ, ಕ್ರಿಯಾಟಿನಿನ್ ಏರಿದೆ ಅಂದರೆ ಅದು ನೆಫ್ರಾಲಜಿಸ್ಟರ ಕೆಲಸ. ಅವರು ಔಷಧದ ವೈದ್ಯರು, ಡಯಾಲಿಸಿಸ್ ನೋಡಿಕೊಳ್ಳುವವರು. ಕಲ್ಲು, ಪ್ರಾಸ್ಟೇಟು, ಮೂತ್ರ ಕಟ್ಟುವುದು, ಮೂತ್ರಕೋಶದ ಗಡ್ಡೆ, ಇವು ಯೂರಾಲಜಿಸ್ಟರವು. ಅವರು ಕೊಯ್ಯುವ ವೈದ್ಯರು. ಅಹಮದಾಬಾದಿನ ಅಸಾರ್ವಾದಲ್ಲಿ, ಸಿವಿಲ್ ಆಸ್ಪತ್ರೆಯ ಆವರಣದಲ್ಲಿ, ಈ ಇಬ್ಬರೂ ಒಂದೇ ಸೂರಿನಡಿ ಸಿಗುವ ಸರ್ಕಾರಿ ಬೆಂಬಲದ ಕಿಡ್ನಿ ಸಂಸ್ಥೆ ಇದೆ. ಅದನ್ನು ಕಟ್ಟಿದ ಡಾ. ಹರಗೋವಿಂದ ತ್ರಿವೇದಿಯವರು ಕೆನಡಾದಲ್ಲಿ ನೆಲೆಯೂರಿದ್ದ ನೆಫ್ರಾಲಜಿಸ್ಟ್. 1977ರಲ್ಲಿ ಅದನ್ನು ಬಿಟ್ಟು ಊರಿಗೆ ಬಂದರು. 2015ರಲ್ಲಿ ಪದ್ಮಶ್ರೀ ಬಂತು, 2019ರ ಅಕ್ಟೋಬರ್ 2ರಂದು ತೀರಿಕೊಂಡರು.

ಈಗ ನನ್ನ ಕಥೆ. ಸೂರತ್ತಿನಲ್ಲಿದ್ದಾಗ, ಒಂದು ಮೇ ತಿಂಗಳ ರಾತ್ರಿ, ಬಲಪಕ್ಕೆಯಲ್ಲಿ ಯಾರೋ ಹಾರೆ ಹಾಕಿ ಮೀಟಿದ ಹಾಗೆ ನೋವು. ನೋವು ಪಕ್ಕೆಯಿಂದ ಇಳಿದು ತೊಡೆಸಂದಿಗೆ ಬರುತ್ತದೆ, ಕೂತರೂ ನಿಂತರೂ ಮಲಗಿದರೂ ತಡೆಯದು. ಹತ್ತಿರದ ಆಸ್ಪತ್ರೆಗೆ ಹೋದೆ. ಹೆಸರು ಬೇಡ. ಅಲ್ಲಿ ನನ್ನ ಹಿಂದಿಯಲ್ಲಿ "ಕಮರ್ ಮೇ ದರ್ದ್" ಅಂದೆ. ಕಮರ್ ಅಂದರೆ ಸೊಂಟ. ಸೊಂಟ ಅಂದಮೇಲೆ ಬೆನ್ನುಮೂಳೆಯ ಎಕ್ಸ್‌ರೇ ತೆಗೆದರು! ಪಕ್ಕೆಗೆ ಹಿಂದಿಯಲ್ಲಿ ಏನನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ: ಮಾತು ಬಾರದಿದ್ದರೆ ಕೈಯಿಟ್ಟು ತೋರಿಸಿ.

ಬೆಳಗಿನ ಜಾವ ಸ್ಕ್ಯಾನ್ ಆಯಿತು. ಮೂತ್ರನಾಳದ ಕೆಳತುದಿಯಲ್ಲಿ ಐದು ಮಿಲಿಮೀಟರಿನ ಕಲ್ಲು. ವೈದ್ಯರ ಮುಖ ನಾನಿನ್ನೂ ನೋಡಿರಲಿಲ್ಲ. ಕೌಂಟರಿನ ಹುಡುಗ ಬಂದು, ಇವತ್ತು ಮಧ್ಯಾಹ್ನವೇ ಲೇಸರ್, ಇಷ್ಟು ಪ್ಯಾಕೇಜು, ಅಡ್ವಾನ್ಸ್ ಕಟ್ಟಿ ಎಂದ. ಇಂಜೆಕ್ಷನ್ನಿಗೆ ನೋವು ಇಳಿದಿತ್ತು. ನೋವು ಇಳಿದ ಮೇಲೆ ಬುದ್ಧಿ ಮೇಲೇರುತ್ತದಲ್ಲ, ಅಡ್ವಾನ್ಸ್ ಕಟ್ಟುವ ಬದಲು ರೈಲು ಹತ್ತಿ ವಡೋದರಾಕ್ಕೆ ಬಂದೆ. ಅಲ್ಲಿ ಒಬ್ಬ ಹಿರಿಯ ಯೂರಾಲಜಿಸ್ಟರು. ಫಿಲಮ್ಮನ್ನು ಕಿಟಕಿಗೆ ಹಿಡಿದು ನೋಡಿದರು. ಜ್ವರ ಇದೆಯೇ ಎಂದು ಕೇಳಿದರು. ಎರಡೂ ಕಿಡ್ನಿ ಇವೆ ತಾನೇ ಎಂದು ನಕ್ಕರು. ಆಮೇಲೆ ಹೇಳಿದ್ದು ಇಷ್ಟು: ಇಷ್ಟು ಸಣ್ಣ ಕಲ್ಲು, ಇಷ್ಟು ಕೆಳಗೆ ಇಳಿದದ್ದು, ಹೆಚ್ಚಿನ ಪಾಲು ತಾನಾಗಿ ಬಿದ್ದುಹೋಗುತ್ತದೆ. ನಾಳ ಸಡಿಲವಾಗಲು ಒಂದು ಮಾತ್ರೆ, ನೋವಿಗೆ ಒಂದು ಮಾತ್ರೆ, ನಾಲ್ಕು ವಾರ ನೋಡೋಣ. ಚಳಿಜ್ವರ ಬಂದರೆ ಮಾತ್ರ ಆ ಗಳಿಗೆಯೇ ಬಾ, ನಡುರಾತ್ರಿಯಾದರೂ.

ಹತ್ತನೆಯ ದಿನ ಟೀ ಸೋಸುವ ಜರಡಿಯಲ್ಲಿ ಕಲ್ಲು ಸಿಕ್ಕಿತು. ಆ ಜರಡಿಯನ್ನು ಮನೆಯವರು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ. ಕಲ್ಲನ್ನು ವೈದ್ಯರು ಕೇಳಿ ಪಡೆದು ಪರೀಕ್ಷೆಗೆ ಕಳಿಸಿದರು. ಯಾವ ಜಾತಿಯ ಕಲ್ಲು ಎಂದು ತಿಳಿದರೆ ಮುಂದಿನದನ್ನು ತಡೆಯುವ ದಾರಿ ತಿಳಿಯುತ್ತದಂತೆ. ಹೋದ ಕಲ್ಲಿನ ಬಗ್ಗೆ ಆಸಕ್ತಿ ಇರುವ ವೈದ್ಯರನ್ನು ಅಂದೇ ನಾನು ಮೊದಲು ನೋಡಿದ್ದು.

ಹಾಗೆಂದು ಕೊಯ್ಯಬೇಡಿ ಅನ್ನುವವರೇ ಒಳ್ಳೆಯ ವೈದ್ಯರು, ಬಾಳೆದಿಂಡಿನ ರಸ, ಹುರುಳಿ ಕಟ್ಟು ಕುಡಿದುಕೊಂಡಿರಿ ಎಂದು ನಾನು ಹೇಳುತ್ತಿಲ್ಲ. ಹುರುಳಿ ಸಾರು ನನಗೆ ಪ್ರಾಣ. ಆದರೆ ಎರಡು ಸೆಂಟಿಮೀಟರಿನ ಕಲ್ಲು ಸಾರಿಗೆ ಕರಗುವುದಿಲ್ಲ.

ನಮ್ಮ ಪರಿಚಯದ ಒಬ್ಬ ಅಡುಗೆ ಭಟ್ಟರು ಹಾಗೆಯೇ ಕೂತಿದ್ದರು. ಅಹಮದಾಬಾದಿನ ಒಂದು ಉಡುಪಿ ಹೋಟೆಲಿನಲ್ಲಿ ಸಾಂಬಾರಿನ ಜವಾಬ್ದಾರಿ ಅವರದು. ಮೂರು ವರ್ಷ ಬಾಳೆದಿಂಡು ತಿಂದರು. ನೋವು ಬರಲಿಲ್ಲ, ಕಲ್ಲು ಕರಗಿತು ಎಂದುಕೊಂಡರು. ಅದು ಕರಗಿರಲಿಲ್ಲ, ಬೆಳೆದಿತ್ತು; ಕಿಡ್ನಿಯೊಳಗಿನ ಕವಲುಗಳಿಗೆಲ್ಲ ಸಾರಂಗದ ಕೊಂಬಿನ ಹಾಗೆ ಹಬ್ಬಿಕೊಂಡಿತ್ತು. ನಾಳಕ್ಕೆ ಇಳಿಯದ ಕಲ್ಲು ನೋಯುವುದು ಕಡಿಮೆ, ಕಿಡ್ನಿಯನ್ನು ತಿನ್ನುವುದು ಸದ್ದಿಲ್ಲದೆ. ಅವರನ್ನು ನಾನೇ ನಡಿಯಾದಿಗೆ ಕರೆದುಕೊಂಡು ಹೋದೆ.

ನಡಿಯಾದ್ ಎಂದರೆ ಅಹಮದಾಬಾದಿಗೂ ವಡೋದರಾಕ್ಕೂ ಸರಿಸುಮಾರು ನಡುವೆ, ಸರ್ದಾರ್ ಪಟೇಲರು ಹುಟ್ಟಿದ ಊರು. ರೈಲಿನಲ್ಲಿ ಎರಡೂ ಕಡೆಯಿಂದ ಒಂದು ಗಂಟೆಯ ಹಾದಿ. ತಂಬಾಕು ಬೆಳೆಯುವ ಸೀಮೆಯ ಈ ಊರಿನಲ್ಲಿ 1978ರಲ್ಲಿ ಮೂಳಜಿಭಾಯಿ ಪಟೇಲ್ ಯೂರಾಲಜಿ ಆಸ್ಪತ್ರೆ ಆರಂಭವಾಯಿತು. ಮೂತ್ರಾಂಗಗಳಿಗೆಂದೇ ಇಡೀ ಆಸ್ಪತ್ರೆ, ಅದೂ ಮಹಾನಗರದಲ್ಲಲ್ಲ, ಆಗ ತಾಲ್ಲೂಕು ಕೇಂದ್ರದಂತಿದ್ದ ಊರಿನಲ್ಲಿ. ಡಾ. ವೀರೇಂದ್ರ ದೇಸಾಯಿ, ಆಮೇಲೆ ಡಾ. ಮಹೇಶ ದೇಸಾಯಿ ಅದನ್ನು ಬೆಳೆಸಿದರು. ಬೆನ್ನಿನಿಂದ ಕಿಡ್ನಿಗೆ ರಂಧ್ರ ಮಾಡಿ ಕಲ್ಲು ತೆಗೆಯುವ ವಿಧಾನವನ್ನು ಪಿಸಿಎನ್ಎಲ್ ಅನ್ನುತ್ತಾರೆ. 1976ರಲ್ಲಿ ಸ್ವೀಡನ್ನಿನಲ್ಲಿ ಶುರುವಾದದ್ದು. ಅದೇ ಕೆಲಸವನ್ನು ಎರಡು ಮಿಲಿಮೀಟರೂ ದಪ್ಪವಿಲ್ಲದ, ತುದಿಯಲ್ಲಿ ಕಣ್ಣುಳ್ಳ ಸೂಜಿಯಿಂದ ಮಾಡಬಹುದೆಂದು ಮಹೇಶ ದೇಸಾಯಿಯವರ ತಂಡ 2011ರಲ್ಲಿ ಜಗತ್ತಿಗೆ ವರದಿ ಮಾಡಿತು. ದೇಶದ ನಾನಾ ಕಡೆಯ ಯೂರಾಲಜಿಸ್ಟರು ಅಲ್ಲಿ ಕಲಿತು ಹೋಗಿದ್ದಾರೆ. ವೈದ್ಯರನ್ನು ಹುಡುಕುವಾಗ ಎಲ್ಲಿ ಕಲಿತಿರಿ ಎಂದು ಕೇಳುವುದು ಉದ್ಧಟತನವಲ್ಲ. ಹೆಣ್ಣು ನೋಡಲು ಹೋದಾಗ ಇದಕ್ಕಿಂತ ಹೆಚ್ಚು ಕೇಳುತ್ತೇವೆ.

ಭಟ್ಟರು ಕೇಳಲಿಲ್ಲ, ಹೆದರಿ ಕೂತಿದ್ದರು. ನಾನೇ ಕೇಳಿದೆ. ಕಲ್ಲು ಎಷ್ಟು ದೊಡ್ಡದು, ಎಲ್ಲಿದೆ, ತೆಗೆಯಲು ಯಾವ ಯಾವ ದಾರಿಗಳಿವೆ, ಈ ದಾರಿಯೇ ಯಾಕೆ, ಏನೂ ಮಾಡದಿದ್ದರೆ ಏನಾಗುತ್ತದೆ. ಕೊನೆಯ ಪ್ರಶ್ನೆಯೇ ಮುಖ್ಯ. ಆ ಪ್ರಶ್ನೆಗೆ ಸಿಡುಕುವವರಿದ್ದಾರೆ, ಕಾಗದದ ಮೇಲೆ ಕಿಡ್ನಿಯ ಚಿತ್ರ ಬರೆದು ತಿಳಿಸುವವರೂ ಇದ್ದಾರೆ. ನಡಿಯಾದಿನ ವೈದ್ಯರು ಚಿತ್ರ ಬರೆದರು. ಹೊರಗಿನಿಂದ ಅಲೆ ಹಾಯಿಸಿ ಕಲ್ಲು ಪುಡಿಮಾಡುವ ಯಂತ್ರವಿದೆ, 1980ರಲ್ಲಿ ಮ್ಯೂನಿಕ್ಕಿನಲ್ಲಿ ಮೊದಲು ಬಳಸಿದ್ದು. ಆದರೆ ಇಷ್ಟು ದೊಡ್ಡ ಕಲ್ಲನ್ನು ಅದರಿಂದ ಒಡೆದರೆ ಚೂರುಗಳು ನಾಳದಲ್ಲಿ ಸಾಲುಗಟ್ಟಿ ಸಿಕ್ಕಿಕೊಳ್ಳುತ್ತವೆ. ಮೂತ್ರದ ದಾರಿಯಿಂದಲೇ ಬಳುಕುವ ದುರ್ಬೀನು ತೂರಿಸಿ ಲೇಸರ್ ಹಾಯಿಸಬಹುದು. ಇದಕ್ಕೆ ಎರಡು ಮೂರು ಸಲ ಬೇಕಾದೀತು. ಆದ್ದರಿಂದ ಬೆನ್ನಿನಿಂದ. ರಕ್ತ ಬೇಕಾಗಬಹುದು, ಚೂರು ಉಳಿದರೆ ಇನ್ನೊಂದು ಸಲ ಬರಬೇಕಾಗಬಹುದು, ಎಂದೂ ಹೇಳಿದರು. ಲೇಸರ್ ಅಂದ ಕೂಡಲೆ ಒಳ್ಳೆಯದು ಎಂದುಕೊಳ್ಳುವ ನಮ್ಮ ಭ್ರಮೆ ಅಂದು ಬಿಟ್ಟಿತು. ಒಂದೇ ಯಂತ್ರವಿರುವ ಆಸ್ಪತ್ರೆಯಲ್ಲಿ ಎಲ್ಲ ಕಲ್ಲಿಗೂ ಅದೇ ಯಂತ್ರ ಸರಿಹೋಗುತ್ತದೆ, ನೋಡಿ.

ಒಪ್ಪಿಗೆಯ ಕಾಗದಕ್ಕೆ ಭಟ್ಟರು ಓದದೆ ಸಹಿ ಹಾಕಲು ಹೊರಟಿದ್ದರು. ಕೈ ಹಿಡಿದೆ. ಒಪ್ಪಿಗೆಯ ಮಾತು ಇಂದು ನಿನ್ನೆಯದಲ್ಲ. ಸುಶ್ರುತ ಸಂಹಿತೆಯಲ್ಲಿ ಅಶ್ಮರಿಯ ಮೇಲೆ, ಅಂದರೆ ಇದೇ ಕಲ್ಲಿನ ಮೇಲೆ, ದೊಡ್ಡ ಅಧ್ಯಾಯವಿದೆ. ಮೊದಲು ಔಷಧ, ಅದು ಸೋತಾಗ ಮಾತ್ರ ಶಸ್ತ್ರ. ನುರಿತವನ ಕೈಯಲ್ಲೂ ಫಲ ಸಂಶಯವೇ ಆದ್ದರಿಂದ ಒಡೆಯನ ಅಪ್ಪಣೆ ಪಡೆದು ಮುಂದುವರಿಯಬೇಕು ಎನ್ನುವ ಅರ್ಥದ ಮಾತು ಅಲ್ಲಿದೆ. ಗ್ರೀಸಿನ ಹಿಪೊಕ್ರಾಟಿಸನ ಹೆಸರಿನ ಪ್ರಮಾಣವಚನದಲ್ಲೂ ಕಲ್ಲಿಗಾಗಿ ನಾನು ಕೊಯ್ಯುವುದಿಲ್ಲ, ಆ ಕೆಲಸ ಬಲ್ಲವರಿಗೆ ಬಿಡುತ್ತೇನೆ ಎಂದಿದೆ. ಈ ಒಂದು ಕಾಯಿಲೆಯ ವಿಷಯದಲ್ಲಿ ಹಳಬರು ಎಚ್ಚರದಿಂದ ನಡೆದರು.

ಹೊಸಬರು ಎಡವಿದ್ದೂ ಇದೆ. 2011ರಲ್ಲಿ ಖೇಡಾ ಜಿಲ್ಲೆಯ ಒಬ್ಬರು ಬಾಲಾಸಿನೋರಿನ ಆಸ್ಪತ್ರೆಯೊಂದರಲ್ಲಿ ಕಲ್ಲಿನ ಶಸ್ತ್ರಚಿಕಿತ್ಸೆಗೆ ಮಲಗಿದರು. ಎದ್ದಾಗ ಕಿಡ್ನಿಯನ್ನೇ ತೆಗೆದಿದ್ದರು. ಆಮೇಲೆ ಮೂತ್ರ ಹೋಗುವುದು ಕಷ್ಟವಾಗಿ ನಡಿಯಾದಿಗೆ, ಅಲ್ಲಿಂದ ಅಹಮದಾಬಾದಿಗೆ ಒಯ್ದರೂ 2012ರ ಜನವರಿಯಲ್ಲಿ ತೀರಿಕೊಂಡರು. ಅವರ ಪತ್ನಿಗೆ ಹನ್ನೊಂದು ಲಕ್ಷ ರೂಪಾಯಿಗೂ ಮೀರಿದ ಪರಿಹಾರ ಕೊಡಬೇಕೆಂದು ಗುಜರಾತಿನ ರಾಜ್ಯ ಗ್ರಾಹಕ ಆಯೋಗ ಆದೇಶಿಸುವಾಗ 2021 ಆಗಿತ್ತು. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲುವುದಿಲ್ಲ, ಜೀವ ಉಳಿಸಲು ಆ ಕ್ಷಣವೇ ಬೇಕಾದ ಸಂದರ್ಭ ಬಿಟ್ಟು, ಎಂದು ಸುಪ್ರೀಂ ಕೋರ್ಟು 2008ರಲ್ಲೇ ಹೇಳಿತ್ತು. ಕಾಗದದಲ್ಲಿ ಏನು ಬರೆದಿದೆ, ಗುಜರಾತಿಯಲ್ಲಿದ್ದರೆ ಹಿಂದಿಯಲ್ಲಿ ಹೇಳಿ ಎಂದು ಕೇಳಿ. ಕೇಳಿದರೆ ಯಾರೂ ಹೊಡೆಯುವುದಿಲ್ಲ.

ದುಡ್ಡಿನ ಮಾತು ಚುಟುಕಾಗಿ. ಆಯುಷ್ಮಾನ್ ಕಾರ್ಡು ಕರ್ನಾಟಕದ್ದಾದರೂ ಗುಜರಾತಿನಲ್ಲಿ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಹೋಗುವ ಮೊದಲು ಆ ಆಸ್ಪತ್ರೆ, ಆ ಚಿಕಿತ್ಸೆ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿ. ಆದರೆ ಕಾರ್ಡು ಹುಡುಕಿಕೊಂಡು ಬರುವ ಆಸ್ಪತ್ರೆಯ ಬಗ್ಗೆ ಎಚ್ಚರ. 2024ರ ನವೆಂಬರಿನಲ್ಲಿ ಮೆಹಸಾಣಾ ಜಿಲ್ಲೆಯ ಬೋರಿಸಣಾ ಹಳ್ಳಿಯಲ್ಲಿ ಉಚಿತ ಶಿಬಿರ ಮಾಡಿ, ಜನರನ್ನು ಬಸ್ಸಿನಲ್ಲಿ ಅಹಮದಾಬಾದಿನ ಖಾಸಗಿ ಆಸ್ಪತ್ರೆಗೆ ಒಯ್ದು, ಹಲವರಿಗೆ ಆ ಕಾರ್ಡಿನ ಮೇಲೆ ಹೃದಯದ ಸ್ಟೆಂಟು ಹಾಕಿಬಿಟ್ಟರು, ಇಬ್ಬರು ಸತ್ತರು. ಅದು ಹೃದಯದ ಕಥೆ. ಕಿಡ್ನಿಗೂ ಕಾರ್ಡು ಅದೇ.

ಕಿಡ್ನಿ ಕಸಿಯ ಸರದಿಗೆ ಹೆಸರು ಬರೆಸುವವರಿಗೆ ಒಂದು ಮಾತು. ಗುಜರಾತಿನ ಕಾಯಂ ನಿವಾಸಿ ಎಂಬ ಪ್ರಮಾಣಪತ್ರ ಬೇಕು ಎಂಬ ಷರತ್ತು ಮೊದಲು ಇತ್ತು. 2022ರಲ್ಲಿ ಗುಜರಾತ್ ಹೈಕೋರ್ಟು ಅದನ್ನು ತಳ್ಳಿಹಾಕಿತು, ಮರುವರ್ಷ ಕೇಂದ್ರ ಸರ್ಕಾರವೂ ಎಲ್ಲ ರಾಜ್ಯಗಳಿಗೆ ಹಾಗೆಯೇ ಸೂಚಿಸಿತು. ನಮ್ಮಂಥ ಪರವೂರಿನವರಿಗೆ ಇದು ಸಣ್ಣ ವಿಷಯವಲ್ಲ.

ಇಷ್ಟೆಲ್ಲ ವಿಚಾರಿಸಲು ಪುರುಸೊತ್ತಿಲ್ಲದ ಗಳಿಗೆಗಳೂ ಇವೆ. ಕಲ್ಲಿನ ನೋವಿನ ಜೊತೆ ಚಳಿಜ್ವರ, ಮೂತ್ರ ಪೂರ್ತಿ ನಿಂತುಹೋಗುವುದು, ಒಂದೇ ಕಿಡ್ನಿ ಇರುವವರಿಗೆ ನೋವು. ಮತ್ತೆ, ಬಾನುಲಿಯಲ್ಲಿ ಹೇಳಲು ಸಂಕೋಚ, ಆದರೂ ಹೇಳಲೇಬೇಕು: ಹುಡುಗರಿಗೆ ಒಮ್ಮೆಗೇ ಬೀಜದಲ್ಲಿ ತಡೆಯಲಾರದ ನೋವು ಬಂದರೆ ಅದು ತಿರುಚಿಕೊಂಡಿರಬಹುದು, ಉಳಿಸಿಕೊಳ್ಳಲು ಸುಮಾರು ಆರು ಗಂಟೆಯ ಅವಕಾಶ ಅಷ್ಟೇ. ನಾಚಿಕೆಯಿಂದ ಹುಡುಗ ಅಪ್ಪನಿಗೆ ಹೇಳುವುದರೊಳಗೆ ಅರ್ಧ ಮುಗಿದಿರುತ್ತದೆ. ಇಂಥದ್ದಕ್ಕೆಲ್ಲ ಯಾರು ಒಳ್ಳೆಯವರು ಎಂದು ನನಗೆ ಫೋನು ಮಾಡುತ್ತ ಕೂರಬೇಡಿ. ಅಹಮದಾಬಾದಿನಲ್ಲಿ ಅಸಾರ್ವಾದ ಸಿವಿಲ್, ವಡೋದರಾದಲ್ಲಿ ಸಯಾಜಿರಾವ್ ಆಸ್ಪತ್ರೆ, ಸೂರತ್ತಿನಲ್ಲಿ ಮಜೂರಾ ಗೇಟಿನ ನ್ಯೂ ಸಿವಿಲ್, ಯಾವುದು ಹತ್ತಿರವೋ ಅಲ್ಲಿಗೆ ಓಡಿ.

ಇದಕ್ಕೆ ತದ್ವಿರುದ್ಧ, ನೋವೇ ಇಲ್ಲದ್ದು. ಒಂದೇ ಒಂದು ಸಲ ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡು, ಮರುದಿನ ನಿಂತುಹೋಯಿತೆಂದು ಸುಮ್ಮನಾಗುವವರು ಬಹಳ, ಅದರಲ್ಲೂ ಬೀಡಿ ಸಿಗರೇಟಿನವರು. ಮೂತ್ರಕೋಶದ ಕ್ಯಾನ್ಸರು ಬಂದು ತಟ್ಟುವುದು ಹೀಗೇ. ರಾತ್ರಿ ಐದು ಸಲ ಏಳುವ ಅಜ್ಜ ವಯಸ್ಸಾಯಿತು ಬಿಡು ಅನ್ನುತ್ತಾರೆ. ಕೆಮ್ಮಿದರೆ ಮೂತ್ರ ಜಾರುವುದನ್ನು ಹೆಂಗಸರು ಇಪ್ಪತ್ತು ವರ್ಷ ಯಾರಿಗೂ ಹೇಳದೆ ಸೀರೆಯಲ್ಲಿ ಮುಚ್ಚಿಕೊಳ್ಳುತ್ತಾರೆ. ಇವೆಲ್ಲ ತೋರಿಸಬೇಕಾದವೇ. ಯೂರಾಲಜಿಸ್ಟರಲ್ಲಿ ಹೆಂಗಸರು ಕಡಿಮೆ, ನಿಜ. ಪರೀಕ್ಷೆಯ ಹೊತ್ತಿನಲ್ಲಿ ನರ್ಸಮ್ಮ ಒಳಗಿರಲಿ ಎಂದು ಕೇಳಬಹುದು, ಒಳ್ಳೆಯ ಕಡೆ ಕೇಳುವ ಮೊದಲೇ ಕರೆಯುತ್ತಾರೆ.

ಭಟ್ಟರ ಕಲ್ಲು ಬಂತು, ಒಂದೇ ಸಲಕ್ಕೆ. ಬಿಡುಗಡೆಯ ದಿನ ವೈದ್ಯರು ಇನ್ನೊಂದು ವಿಷಯ ಹೇಳಿದರು. ಕಿಡ್ನಿಯಿಂದ ಮೂತ್ರಕೋಶದವರೆಗೆ ಒಳಗೆ ಒಂದು ಸಣ್ಣ ಕೊಳವೆ ಇಟ್ಟಿದ್ದೇವೆ, ಡಿಜೆ ಸ್ಟೆಂಟು. ಮೂರು ವಾರಕ್ಕೆ ಬಂದು ತೆಗೆಸಿಕೊಳ್ಳಬೇಕು. ಇದನ್ನು ಮರೆಯುವವರು ಎಷ್ಟೋ ಜನ. ನೋವು ಹೋಯಿತು, ಊರಿಗೆ ಹೋದರು, ಕೊಳವೆ ಒಳಗೇ ಉಳಿಯಿತು. ವರ್ಷ ಕಳೆದರೆ ಅದರ ಮೇಲೆಯೇ ಕಲ್ಲು ಕಟ್ಟುತ್ತದೆ, ಆಗ ಅದನ್ನು ತೆಗೆಯುವುದೇ ಹೊಸ ದೊಡ್ಡ ಶಸ್ತ್ರಚಿಕಿತ್ಸೆ. ಹೊಟ್ಟೆಯೊಳಗೆ ಕೊಳವೆ ಇದೆಯೆಂದು ರೋಗಿಗೆ ಯಾರೂ ಹೇಳಿರದ ಪ್ರಕರಣವನ್ನೂ ನಾನು ಕಂಡಿದ್ದೇನೆ. ಈ ವೈದ್ಯರು ಬಾಯಲ್ಲಿ ಹೇಳಿ ಬಿಡಲಿಲ್ಲ. ಚೀಟಿಯ ಮೇಲೆ ತಾರೀಕು ಬರೆದು, ಸುತ್ತ ಕೆಂಪು ಶಾಯಿಯ ಗೆರೆ ಎಳೆದು, "ಮಹಾರಾಜ್, ಇದನ್ನು ಮರೆತರೆ ನಾನು ಮಾಡಿದ್ದೆಲ್ಲ ವ್ಯರ್ಥ" ಎಂದು ಹಿಂದಿಯಲ್ಲಿ ಹೇಳಿದರು. ಅಲ್ಲಿ ಅಡುಗೆಯವರಿಗೆ ಮಹಾರಾಜ್ ಅನ್ನುತ್ತಾರೆ.

ಮುಂದಿನ ವಾರ ಹೋಟೆಲಿಗೆ ಹೋದಾಗ ಅಡುಗೆಮನೆಗೆ ಇಣುಕಿದೆ. ಗೋಡೆಯಲ್ಲಿ ಊರಿನಿಂದ ತಂದ ಕನ್ನಡ ಕ್ಯಾಲೆಂಡರು, ಹಾಲಿನ ಲೆಕ್ಕ, ಏಕಾದಶಿಯ ಗುರುತು, ಯಾರದೋ ಸಂಬಳದ ಮುಂಗಡ. ಅದರ ನಡುವೆ ಹತ್ತೊಂಬತ್ತನೇ ತಾರೀಕಿನ ಚೌಕದಲ್ಲಿ ಭಟ್ಟರ ಕೈಯಕ್ಷರ: 'ಪೈಪು ತೆಗೆಸು. ಬೆಳಿಗ್ಗೆ ರೈಲು.' ಒಲೆಯ ಪಕ್ಕ ತುಂಬಿದ ತಾಮ್ರದ ಚೊಂಬು.